ಸನ್ನತಿಯ ಶಿಲ್ಪಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಮನೆಗಳಲ್ಲಿ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲನ್ನು ನಾವೆಲ್ಲರೂ ಬಲ್ಲೆವು. ಈ ಸೀಮೆಯ ಇಂತಹ ಸುಣ್ಣಶಿಲೆಯಿಂದಲೇ, ಸುಮಾರು 2000 ವರುಷಗಳ ಹಿಂದೆ, ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಭೀಮಾತೀರದ ಕನಗನಹಳ್ಳಿಯಲ್ಲಿ ಬೌದ್ಧರ ಮಹಾಸ್ತೂಪವೊಂದು ಎದ್ದಿತು. 1994ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ಆರಂಭಿಸಿದ ಉತ್ಖನನದಿಂದ ಅದರ ಕೆತ್ತನೆಯ ಚಪ್ಪಡಿಗಳು ಬೆಳಕಿಗೆ ಬಂದವು. ಅವುಗಳಲ್ಲೊಂದರಲ್ಲಿ ಅಶೋಕನು ರಾಣಿ, ಪರಿಚಾರಿಕೆಯರೊಡನೆ ನಿಂತಿದ್ದಾನೆ. ಬ್ರಾಹ್ಮೀ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಬರೆದಿದೆ.

ಆದರೆ ಇದೆಲ್ಲವನ್ನೂ ಅರಸರೇ ಮಾಡಿಸಿದರೆಂದು ತಿಳಿಯಲಾಗದು. ಭಿಕ್ಷುಗಳೂ ಭಿಕ್ಷುಣಿಯರೂ ಗೃಹಸ್ಥ ಸ್ತ್ರೀಪುರುಷರೂ ತಮ್ಮ ಶಕ್ತ್ಯನುಸಾರ ಕಲ್ಲುಗಳನ್ನು ದಾನಮಾಡಿದರು, ಶಿಲ್ಪಿಗಳು ಕೆತ್ತಿದರು, ದಾನಿಗಳ ಹೆಸರುಗಳು ಶಿಲೆಯಲ್ಲಿ ಉಳಿದವು. ಅವುಗಳಲ್ಲಿ ಸ್ತ್ರೀಯರ ಹೆಸರುಗಳೂ ಇರುವುದನ್ನು ನಮ್ಮ ಬಾಲಿಕೆಯರು ವಿಶೇಷವಾಗಿ ಗಮನಿಸತಕ್ಕದ್ದು.

ಆದರೂ ಓದಬಲ್ಲವರಿಲ್ಲದ ಕಡೆ ಬರಹವು ಬರಿಯ ಕಲ್ಲಾಗುತ್ತದೆ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಗುಡಿಯಲ್ಲಿ ಅಶೋಕನ ಶಾಸನಶಿಲೆಯೊಂದು ಬಹುಕಾಲ ಮೂರ್ತಿಯ ಪೀಠಕ್ಕೆ ಉಪಯೋಗವಾಗಿತ್ತು. 1986ರಲ್ಲಿ ಗುಡಿಯ ಮಾಳಿಗೆ ಕುಸಿದ ತರುವಾಯವೇ ಅದರ ಗುರುತು ಹತ್ತಿತು. ಆದಕಾರಣ ಪೋಷಕರು ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸಬೇಕೆಂದೂ, ಹೊಲಗದ್ದೆಗಳಲ್ಲಿ ಅಕ್ಷರವುಳ್ಳ ಕಲ್ಲು ಕಂಡರೆ ಕದಲಿಸದೆ ಇಲಾಖೆಗೆ ತಿಳಿಸಬೇಕೆಂದೂ ಕೇಳಿಕೊಳ್ಳುತ್ತೇವೆ.