ಬ್ಯಾಕಪ್ ಆಗಿದೆ ಸರಿ, ವಾಪಸ್ ಬರುತ್ತಾ?

ಮಾರ್ಚ್ 31 ಲೆಕ್ಕಪತ್ರದವರಿಗೆ ವರ್ಷದ ಕೊನೆ. ಸರ್ವರ್ ನೋಡಿಕೊಳ್ಳುವ ನಮ್ಮಂಥವರಿಗೆ ಅದು ವಿಶ್ವ ಬ್ಯಾಕಪ್ ದಿನವೂ ಹೌದು. 2011ರಿಂದ ಇದು ಚಾಲ್ತಿಯಲ್ಲಿದೆ. ಆ ದಿನ ‘ಬ್ಯಾಕಪ್ ತಗೊಳ್ಳಿ’ ಅಂತ ಎಲ್ಲರೂ ಹೇಳುತ್ತಾರೆ. ತಗೊಂಡಿದ್ದನ್ನು ತೆರೆದು ನೋಡಿದ್ದೀರಾ ಅಂತ ಕೇಳುವವರು ಕಡಿಮೆ. ನನ್ನ ಏಳು ವರ್ಷದ ಕೆಲಸದಲ್ಲಿ ಹೆಚ್ಚು ತಲೆನೋವು ಕೊಟ್ಟಿರುವುದು ಈ ಎರಡನೇ ಪ್ರಶ್ನೆಯೇ.

ನಾನು ನೋಡಿಕೊಳ್ಳುವ ಗ್ರಾಹಕರಲ್ಲಿ ಒಂದು ಪತ್ತಿನ ಸಹಕಾರ ಸಂಘ ಇದೆ. ಜಿಲ್ಲಾ ಕೇಂದ್ರದಲ್ಲಿ ಮುಖ್ಯ ಕಚೇರಿ, ತಾಲ್ಲೂಕುಗಳಲ್ಲಿ ಶಾಖೆಗಳು. ಪಿಗ್ಮಿ ಕಟ್ಟುವ ತರಕಾರಿ ಅಂಗಡಿಯವರಿಂದ ಹಿಡಿದು ನಿವೃತ್ತ ಮೇಷ್ಟ್ರ ಠೇವಣಿವರೆಗೆ ಎಲ್ಲರ ಲೆಕ್ಕ ಎರಡು ಸರ್ವರ್‌ಗಳ ಮೇಲೆ ಓಡುವ 9 ವರ್ಚುವಲ್ ಮೆಷಿನ್‌ಗಳಲ್ಲಿದೆ. ನಮ್ಮ ತಂಡಕ್ಕೆ ಅದರ ಉಸ್ತುವಾರಿ ಬಂದಾಗ ಹಳೆಯ ವ್ಯವಸ್ಥೆ ಬಹಳ ಸರಳವಾಗಿತ್ತು: ರಾತ್ರಿ 12ಕ್ಕೆ ಒಂಬತ್ತೂ ಮೆಷಿನ್‌ಗಳ ಬ್ಯಾಕಪ್ ಒಟ್ಟಿಗೇ ಶುರು, ಬೆಳಗ್ಗೆ ‘ಸಕ್ಸೆಸ್’ ಅಂತ ಒಂದು ಮೇಲ್.

ಒಂದೇ ಸಂಪು, ಒಂಬತ್ತು ನಲ್ಲಿ

ವರ್ಚುವಲ್ ಮೆಷಿನ್ ಅಂದರೆ ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಇದ್ದ ಹಾಗೆ. ಬಾಗಿಲು, ಬೀಗ ಬೇರೆ ಬೇರೆ. ಆದರೆ ನೆಲದಡಿಯ ಸಂಪು, ಮೋಟರ್, ಪೈಪು ಎಲ್ಲ ಒಂದೇ. ಬೆಳಗ್ಗೆ 6ಕ್ಕೆ ಎಲ್ಲ ಮನೆಯವರೂ ನಲ್ಲಿ ತಿರುಗಿಸಿದರೆ ಯಾರಿಗೂ ನೆಟ್ಟಗೆ ನೀರು ಬರುವುದಿಲ್ಲ. ಇಲ್ಲಿ ಸಂಪು ಅಂದರೆ ಸ್ಟೋರೇಜ್, ಪೈಪು ಅಂದರೆ ನೆಟ್‌ವರ್ಕ್.

ಲೆಕ್ಕ ಹಾಕೋಣ. ಸಂಘದ ಒಟ್ಟು ಡೇಟಾ ಸುಮಾರು 4 ಟಿಬಿ. ಒಂದು ಗಿಗಾಬಿಟ್ ನೆಟ್‌ವರ್ಕಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110 ಎಂಬಿ ಹೋಗುತ್ತದೆ. ಪೂರ್ತಿ ಬ್ಯಾಕಪ್‌ಗೆ ಹತ್ತು ಗಂಟೆ ಬೇಕು. ರಾತ್ರಿ 12ಕ್ಕೆ ಶುರುವಾದದ್ದು ಬೆಳಗ್ಗೆ 10ಕ್ಕೆ, ಸರಿಯಾಗಿ ಶಾಖೆಗಳ ಕೌಂಟರ್ ತೆರೆಯುವ ಹೊತ್ತಿಗೆ, ಮುಗಿಯಬೇಕು. ನಡುವೆ ಏನಾದರೂ ತಡವಾದರೆ ‘ಸಿಸ್ಟಮ್ ಸ್ಲೋ ಇದೆ, ಸ್ವಲ್ಪ ಕೂತ್ಕೊಳಿ’ ಅನ್ನುವ ಮಾತು ಶುರು.

ನಿಧಾನವಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಓಡುತ್ತಿರುವ ಮೆಷಿನ್‌ನ ಬ್ಯಾಕಪ್ ತೆಗೆಯಲು ಮೊದಲು ಸ್ನ್ಯಾಪ್‌ಶಾಟ್ ತೆಗೆಯುತ್ತೇವೆ. ಆ ಕ್ಷಣದಿಂದ ಹಳೆಯ ಡಿಸ್ಕ್ ಹಾಗೇ ನಿಂತಿರುತ್ತದೆ, ಹೊಸ ಬರವಣಿಗೆಯೆಲ್ಲ ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತದೆ. ಬ್ಯಾಕಪ್ ಮುಗಿದ ಮೇಲೆ ಅದನ್ನು ಮೂಲ ಡಿಸ್ಕಿಗೆ ಸೇರಿಸಬೇಕು. ಬ್ಯಾಕಪ್ ಲಂಬಿಸಿದಷ್ಟೂ ಆ ಫೈಲ್ ಬೆಳೆಯುತ್ತದೆ, ಸೇರಿಸುವ ಕೆಲಸ ಭಾರವಾಗುತ್ತದೆ, ಕೊನೆಯಲ್ಲಿ ಮೆಷಿನ್ ಕೆಲವು ಕ್ಷಣ ಉಸಿರು ಹಿಡಿದು ನಿಲ್ಲುತ್ತದೆ. ಒಂಬತ್ತೂ ಒಟ್ಟಿಗೆ ಹೀಗೆ ಮಾಡಿದರೆ ಡಿಸ್ಕಿನ ಪಾಡು ಊಹಿಸಿ.

ಪಾಳಿ ಹಾಕಿದ ಬಗೆ

ಮೊದಲು ಮಾಡಿದ್ದು, ದಿನಾ ಪೂರ್ತಿ ಬ್ಯಾಕಪ್ ನಿಲ್ಲಿಸಿದ್ದು. ಕಳೆದ ಬಾರಿಯಿಂದ ಡಿಸ್ಕಿನ ಯಾವ ಭಾಗ ಬದಲಾಗಿದೆ ಅನ್ನುವ ಗುರುತನ್ನು ಇವತ್ತಿನ ವರ್ಚುವಲೈಸೇಶನ್ ತಂತ್ರಾಂಶಗಳೇ ಇಟ್ಟುಕೊಳ್ಳುತ್ತವೆ. ಅಷ್ಟನ್ನೇ ಎತ್ತಿಕೊಂಡರೆ ಆಯಿತು. ಸಂಘದಲ್ಲಿ ದಿನಕ್ಕೆ ಬದಲಾಗುವುದು ನೂರಕ್ಕೆ 5 ಭಾಗ, ಅಂದರೆ 200 ಜಿಬಿ. ಅದಕ್ಕೆ ಅರ್ಧ ಗಂಟೆ ಸಾಕು. ಪೂರ್ತಿ ಬ್ಯಾಕಪ್ ವಾರಕ್ಕೊಮ್ಮೆ: ಅರ್ಧ ಮೆಷಿನ್‌ಗಳದ್ದು ಶನಿವಾರ ರಾತ್ರಿ, ಉಳಿದದ್ದು ಭಾನುವಾರ ರಾತ್ರಿ.

ಎರಡನೆಯದು, ಒಂದೇ ಸಲಕ್ಕೆ ಎಷ್ಟು ಅನ್ನುವ ಮಿತಿ. ಒಂದೇ ಸ್ಟೋರೇಜ್ ಮೇಲಿನ ಎರಡಕ್ಕಿಂತ ಹೆಚ್ಚು ಮೆಷಿನ್‌ಗಳು ಒಟ್ಟಿಗೆ ಓಡಬಾರದು, ಉಳಿದವು ಕ್ಯೂನಲ್ಲಿ ನಿಲ್ಲಲಿ. ಒಂದಾದ ಮೇಲೆ ಒಂದು ಅಂತ ಬಿಟ್ಟರೂ ಪೈಪು ಖಾಲಿ ಕೂರುತ್ತದೆ. ನಮಗೆ ಎರಡೇ ಹದ ಅನ್ನಿಸಿತು. ನಿಮ್ಮ ಸ್ಟೋರೇಜಿಗೆ ಎಷ್ಟು ಅನ್ನುವುದನ್ನು ಒಂದು ವಾರ ಅಳೆದೇ ನೋಡಬೇಕು.

ಮೂರನೆಯದು ಸ್ವಲ್ಪ ಸೂಕ್ಷ್ಮ. ಕೆಲವನ್ನು ಬೇಕಂತಲೇ ಒಟ್ಟಿಗೆ ತೆಗೆಯಬೇಕು. ಸದಸ್ಯರ ಖಾತೆ ಡೇಟಾಬೇಸ್ ಮೆಷಿನ್‌ನಲ್ಲಿದೆ, ಅವರ ಫೋಟೊ ಮತ್ತು ಸಹಿಯ ಸ್ಕ್ಯಾನ್ ಫೈಲ್ ಸರ್ವರ್‌ನಲ್ಲಿದೆ. ಒಂದನ್ನು ಸಂಜೆ, ಇನ್ನೊಂದನ್ನು ನಸುಕಿನಲ್ಲಿ ತೆಗೆದರೆ ನಡುವೆ ಆದ ಬದಲಾವಣೆ ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಹಾಗಾಗಿ ಈ ಜೋಡಿ ರಾತ್ರಿ 11.30ಕ್ಕೆ ಜೊತೆಯಾಗಿಯೇ ಹೋಗುತ್ತದೆ, ಅದೂ ಬಡ್ಡಿ ಲೆಕ್ಕ ಹಾಕುವ ದಿನಾಂತ್ಯದ ಕೆಲಸ ಮುಗಿದ ಮೇಲೆ. ಆಂಟಿವೈರಸ್ ಸ್ಕ್ಯಾನ್ ಬೇರೆ ಹೊತ್ತಿಗೆ.

ಡೇಟಾಬೇಸ್ ಬಗ್ಗೆ ಇನ್ನೊಂದು ಮಾತು. ಒಬ್ಬರು ಲೆಡ್ಜರ್ ಬರೆಯುತ್ತಿರುವಾಗಲೇ ಪುಟದ ಫೋಟೊ ತೆಗೆದರೆ ಅರ್ಧ ಸಾಲು ಸಿಗುತ್ತದೆ. ‘ಒಂದು ನಿಮಿಷ ಪೆನ್ನು ಎತ್ತಿಡಿ’ ಅಂತ ಹೇಳಿ ತೆಗೆದರೆ ಪೂರ್ತಿ ಸಾಲು. ವಿಂಡೋಸ್‌ನಲ್ಲಿ ಈ ಮಾತು ಹೇಳುವುದಕ್ಕೆ ವಿಎಸ್‌ಎಸ್ ಅನ್ನುವ ವ್ಯವಸ್ಥೆ ಇದೆ. ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ಅದು ಆನ್ ಆಗಿದೆಯಾ ನೋಡಿ.

ಮೇಡಂ ಕೇಳಿದ ಪ್ರಶ್ನೆ

ಪಾಳಿ ಸರಿಹೋದ ಮೇಲೆ, ಒಂದು ಸಲ ರಿಸ್ಟೋರ್ ಮಾಡಿ ನೋಡಬೇಕು ಅಂತ ಸಂಘಕ್ಕೆ ಹೇಳಿದೆವು. ಅಲ್ಲಿನ ಮ್ಯಾನೇಜರ್ ಮೇಡಂಗೆ ಆಶ್ಚರ್ಯ. “ದಿನಾ ಬೆಳಗ್ಗೆ ಮೇಲ್ ಬರತ್ತಲ್ಲಪ್ಪ, ಎಲ್ಲಾ ಸಕ್ಸೆಸ್ ಅಂತ?”

“ಬರತ್ತೆ ಮೇಡಂ. ಅದು ನಕಲು ಮಾಡೋ ಕೆಲಸ ಮುಗೀತು ಅಂತ ಅಷ್ಟೇ ಹೇಳೋದು.”

ಹೊರಗಿನ ನೆಟ್‌ವರ್ಕಿಗೆ ಯಾವ ಸಂಪರ್ಕವೂ ಇಲ್ಲದ ಪ್ರತ್ಯೇಕ ಜಾಗದಲ್ಲಿ ಡೇಟಾಬೇಸ್ ಮೆಷಿನ್‌ನ ಬ್ಯಾಕಪ್ ಎಬ್ಬಿಸಿದೆವು. ಪ್ರತ್ಯೇಕ ಜಾಗ ಬೇಕೇ ಬೇಕು. ಅದೇ ಹೆಸರು, ಅದೇ ವಿಳಾಸದ ಎರಡನೇ ಮೆಷಿನ್ ಚಾಲ್ತಿ ನೆಟ್‌ವರ್ಕಿನಲ್ಲಿ ಎದ್ದರೆ ಅಸಲಿ ಮೆಷಿನ್‌ನೊಂದಿಗೆ ಜಟಾಪಟಿ, ಸದಸ್ಯರ ಮೊಬೈಲಿಗೆ ಹಳೇ ಎಸ್ಸೆಮ್ಮೆಸ್ ಮತ್ತೆ ಹೋಗುವ ಅಪಾಯ.

ಮೆಷಿನ್ ಬೂಟ್ ಆಯಿತು. ಪಿಂಗ್ ಮಾಡಿದರೆ ಉತ್ತರ ಬಂತು. ಜೊತೆಗೆ ಎಬ್ಬಿಸಿದ ಅಪ್ಲಿಕೇಶನ್ ಮೆಷಿನ್‌ನ ಲಾಗಿನ್ ಪುಟವೂ ತೆರೆಯಿತು. ಮೇಡಂ ಕೈಯಲ್ಲಿ ಒಂದು ಶಾಖೆಯ ಡೇ ಬುಕ್ ಹಿಡಿದುಕೊಂಡೇ ಕೂತಿದ್ದರು. “ಪುಟ ಬಂತು ಸರಿ. ಲಾಗಿನ್ ಆಗಿ ನಿನ್ನೆ ಕ್ಲೋಸಿಂಗ್ ಬ್ಯಾಲೆನ್ಸ್ ತೋರಿಸಿ, ನಾನು ಇದರ ಜೊತೆ ತಾಳೆ ನೋಡ್ತೀನಿ.”

ಲಾಗಿನ್ ಒತ್ತಿದರೆ ಎರರ್. ಡೇಟಾಬೇಸ್ ಸಿಗುತ್ತಿಲ್ಲ.

ಡಿಸ್ಕ್‌ಗಳ ಪಟ್ಟಿ ನೋಡಿದಾಗ ಕಾರಣ ಸಿಕ್ಕಿತು. ಹಿಂದೆ ಯಾರೋ ಡೇಟಾಕ್ಕೆಂದು ಎರಡನೇ ಡಿಸ್ಕ್ ಸೇರಿಸುವಾಗ ಅದನ್ನು ‘ಇಂಡಿಪೆಂಡೆಂಟ್’ ಮೋಡ್‌ನಲ್ಲಿ ಇಟ್ಟಿದ್ದರು. ವಿಎಂವೇರ್‌ನಲ್ಲಿ ಇಂಥ ಡಿಸ್ಕ್ ಸ್ನ್ಯಾಪ್‌ಶಾಟ್‌ಗೆ ಸೇರುವುದಿಲ್ಲ. ಸ್ನ್ಯಾಪ್‌ಶಾಟ್ ಇಲ್ಲ ಅಂದಮೇಲೆ ಬ್ಯಾಕಪ್ ತಂತ್ರಾಂಶ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಲಾಗ್‌ನ ಒಳಗೆಲ್ಲೋ ಆ ಬಗ್ಗೆ ಒಂದು ಸಾಲು ಇತ್ತು. ಮೇಲ್‌ನ ಶೀರ್ಷಿಕೆಯಲ್ಲಿ ಇದ್ದದ್ದು ‘ಸಕ್ಸೆಸ್’ ಒಂದೇ. ಪ್ರತಿ ರಾತ್ರಿ ಕಪಾಟಿನ ನಕಲು ಆಗುತ್ತಿತ್ತು, ಒಳಗಿನ ಲೆಡ್ಜರ್‌ಗಳದ್ದಲ್ಲ.

ಮೇಡಂ ಬೈಯಲಿಲ್ಲ. ಡೇ ಬುಕ್ ಮುಚ್ಚಿ, “ಇದು ನಿಜವಾಗ್ಲೂ ಬೇಕಾದ ದಿನ ಗೊತ್ತಾಗಿದ್ರೆ ಜನಕ್ಕೆ ಏನಂತ ಹೇಳ್ತಿದ್ವಿ?” ಅಂದರು. ಯಾರೂ ಮಾತಾಡಲಿಲ್ಲ.

ಅಂದು ಸಂಜೆಯೇ ಡೇಟಾಬೇಸ್‌ನ ಸ್ವಂತ ಬ್ಯಾಕಪ್ ಅನ್ನು ಹೊರಗಿನ ಡಿಸ್ಕಿಗೆ ತೆಗೆದೆವು. ಭಾನುವಾರ ಮೆಷಿನ್ ಆಫ್ ಮಾಡಿ ಡಿಸ್ಕ್ ಮೋಡ್ ಬದಲಿಸಿ, ಪೂರ್ತಿ ಬ್ಯಾಕಪ್ ತೆಗೆದು ಮತ್ತೆ ಎಬ್ಬಿಸಿದೆವು. ಈ ಸಲ ಬ್ಯಾಲೆನ್ಸ್ ಪೈಸೆ ಸಮೇತ ತಾಳೆಯಾಯಿತು.

ಐದು ಮೆಟ್ಟಿಲು

ಅಂದಿನಿಂದ ನಮ್ಮ ತಂಡದಲ್ಲಿ ಪರಿಶೀಲನೆ ಅಂದರೆ ಐದು ಮೆಟ್ಟಿಲು.

1. ಜಾಬ್ ಮುಗಿದಿದೆಯಾ? ಶೀರ್ಷಿಕೆ ಓದಿದರೆ ಸಾಲದು, ಎಚ್ಚರಿಕೆಯ ಸಾಲುಗಳನ್ನೂ ಓದಬೇಕು. ಮೆಷಿನ್‌ನಲ್ಲಿ ಇರುವ ಡಿಸ್ಕ್ ಎಷ್ಟು, ಬ್ಯಾಕಪ್‌ನಲ್ಲಿ ಎಷ್ಟು ಅಂತ ಎಣಿಸಬೇಕು.

2. ಬರೆದಿಟ್ಟದ್ದು ಹಾಗೇ ಇದೆಯಾ? ಚೆಕ್‌ಸಮ್ ಹೋಲಿಸಿದರೆ ಡಿಸ್ಕಿನಲ್ಲಿ ಕೆಟ್ಟುಹೋದ ಭಾಗ ಗೊತ್ತಾಗುತ್ತದೆ. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್‌ನಲ್ಲಿ ‘ವೆರಿಫೈ’ ಜಾಬ್ ಮಾಡುವುದು ಇದನ್ನೇ.

3. ಮೆಷಿನ್ ಏಳುತ್ತದೆಯಾ? ವೀಮ್‌ನ ಶ್ಯೂರ್‌ಬ್ಯಾಕಪ್ ಪ್ರತ್ಯೇಕ ನೆಟ್‌ವರ್ಕಿನಲ್ಲಿ ಮೆಷಿನ್ ಎಬ್ಬಿಸಿ, ಪಿಂಗ್ ಮಾಡಿ, ನಾವು ಕೊಟ್ಟ ಸ್ಕ್ರಿಪ್ಟ್ ಓಡಿಸಿ ವರದಿ ಕೊಡುತ್ತದೆ.

4. ಒಳಗೆ ನಮ್ಮ ಡೇಟಾ ಇದೆಯಾ? ಕೊನೆಯ ವಹಿವಾಟಿನ ದಿನಾಂಕ ಯಾವುದು, ಒಟ್ಟು ಖಾತೆಗಳೆಷ್ಟು, ಬ್ಯಾಲೆನ್ಸ್ ಎಷ್ಟು. ಇದು ಮೇಡಂ ಕೇಳಿದ ಪ್ರಶ್ನೆ. ಈಗ ಅದು ಒಂದು ಸ್ಕ್ರಿಪ್ಟ್.

5. ಎಷ್ಟು ಹೊತ್ತು ಹಿಡಿಯಿತು? ಸಂಘ ಎಷ್ಟು ಗಂಟೆ ಮುಚ್ಚಿರಬಹುದು, ಎಷ್ಟು ಹೊತ್ತಿನ ವಹಿವಾಟು ಕಳೆದುಕೊಳ್ಳಬಹುದು ಅಂತ ಅವರೇ ಹೇಳಬೇಕು. ನಮ್ಮ ಗಡಿಯಾರ ಅದರೊಳಗೆ ಇರಬೇಕು.

ಡೇಟಾಬೇಸ್ ಮೆಷಿನ್‌ಗೆ ಪ್ರತಿ ಬುಧವಾರ ನಸುಕಿನ 3ಕ್ಕೆ ಈ ಪರೀಕ್ಷೆ. ಉಳಿದ ಎಂಟು ಸರದಿಯ ಮೇಲೆ.

ದೊಡ್ಡವರ ಮನೆಯಲ್ಲೂ

ಸಣ್ಣ ಊರಿನ ಸಂಘ, ಹಾಗಾಗಿ ಹೀಗಾಯಿತು ಅನ್ನುವಂತಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಾದ ಸರ್ವರ್‌ನಲ್ಲಿ ಡಿಲೀಟ್ ಆದೇಶ ಕೊಟ್ಟರು. ಸುಮಾರು 300 ಜಿಬಿ ಡೇಟಾಬೇಸ್ ಕ್ಷಣಗಳಲ್ಲಿ ಹೋಯಿತು. ದಿನಾ ತೆಗೆಯಬೇಕಿದ್ದ ಬ್ಯಾಕಪ್ ಹುಡುಕಿದರೆ ಜಾಗ ಖಾಲಿ. ಬ್ಯಾಕಪ್ ತೆಗೆಯುವ ಉಪಕರಣದ ಆವೃತ್ತಿ ಡೇಟಾಬೇಸ್‌ಗೆ ಹೊಂದದೆ ಆ ಜಾಬ್ ವಿಫಲವಾಗುತ್ತಿತ್ತು. ವಿಫಲವಾಗಿದೆ ಅಂತ ಎಚ್ಚರಿಸುವ ಮೇಲ್‌ಗಳನ್ನೂ ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಪರೀಕ್ಷೆಗೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದು ಅವರ ಮಾನ ಕಾಪಾಡಿತು. ಮುಚ್ಚಿಡದೆ ಎಲ್ಲವನ್ನೂ ಬರೆದು ಪ್ರಕಟಿಸಿದರು, ರಿಪೇರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರವನ್ನೇ ಮಾಡಿದರು. ಅದಕ್ಕಾಗಿ ನನಗೆ ಅವರ ಮೇಲೆ ಗೌರವ.

2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಬ್ಯಾಟರಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟಿಬಿ ಸುಟ್ಟುಹೋಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಹೊರಗೆ ಬ್ಯಾಕಪ್ ಇಟ್ಟಿರಲಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಬೇರೆ ಊರಲ್ಲಿ ಅನ್ನುವ 3-2-1 ನಿಯಮ ಇರುವುದು ಇದಕ್ಕೇ. ರ‍್ಯಾನ್ಸಮ್‌ವೇರ್ ಕಾಲದಲ್ಲಿ ಅದರಲ್ಲೊಂದು ಪ್ರತಿ ಯಾರಿಗೂ ಅಳಿಸಲಾಗದಂತೆ ಇರಲಿ.

ನಿಮ್ಮ ಫೋನ್‌ಗೂ ಇದೇ ಪಾಠ

‘ನಮ್ಮನೇಲಿ ಸರ್ವರ್ ಎಲ್ಲಿದೆ’ ಅನ್ನಬೇಡಿ. ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಅಜ್ಜಿಯ ದನಿಯ ವಾಯ್ಸ್ ನೋಟ್, ಸೈಟಿನ ಪತ್ರದ ಸ್ಕ್ಯಾನ್ ಎಲ್ಲ ಆ ಫೋನಿನಲ್ಲೇ ಇದೆ. ಗೂಗಲ್ ಫೋಟೋಸ್ ಆ್ಯಪ್‌ನಲ್ಲಿ ಒಂದು ಚಿತ್ರ ಅಳಿಸಿದರೆ ಕ್ಲೌಡ್‌ನಿಂದಲೂ ಅದು ಟ್ರ್ಯಾಶ್‌ಗೆ ಹೋಗುತ್ತದೆ, ಬ್ಯಾಕಪ್ ಆದ ಚಿತ್ರವಾದರೆ 60 ದಿನದಲ್ಲಿ ಶಾಶ್ವತವಾಗಿ ಮಾಯ. ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ, ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲೂ ಇರಲಿ. ವಾಟ್ಸ್‌ಆ್ಯಪ್ ಬ್ಯಾಕಪ್‌ಗೆ ಪಾಸ್‌ವರ್ಡ್ ಇಟ್ಟು ಎನ್‌ಕ್ರಿಪ್ಟ್ ಮಾಡಿದ್ದರೆ ಆ ಪಾಸ್‌ವರ್ಡ್ ಮರೆತ ದಿನ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಎರಡು ವರ್ಷ ಹಿಂದಿನ ಒಂದು ಫೋಟೊ ಆರಿಸಿ, ಬ್ಯಾಕಪ್‌ನಿಂದ ಬೇರೊಂದು ಫೋನಿಗೆ ಅಥವಾ ಲ್ಯಾಪ್‌ಟಾಪಿಗೆ ಇಳಿಸಿ, ತೆರೆದು ನೋಡಿ. ತೆರೆದರೆ ನಿಮ್ಮ ಬ್ಯಾಕಪ್ ಇದೆ. ತೆರೆಯದಿದ್ದರೆ, ಇವತ್ತೇ ಗೊತ್ತಾಯಿತಲ್ಲ, ಇನ್ನೂ ಸಮಯ ಇದೆ.