ಗುಡ್ಡದ ದಾರಿ ಪೇಟೆಯ ಬೀದಿಯಾದ ಬಗೆ

ಪಂಚನಹಳ್ಳಿಯಂಥ ಊರಿನಲ್ಲಿ ಅಂಗಡಿಗೆ ಹೋದವರು ಉಪ್ಪು ಬೆಲ್ಲದೊಡನೆ ನಾಲ್ಕು ಮನೆಗಳ ಯೋಗಕ್ಷೇಮವನ್ನೂ ತಿಳಿದು ಬರುತ್ತಾರೆ. ಊರು ಪಟ್ಟಣವಾದಾಗ ಈ ಬಾಂಧವ್ಯಕ್ಕೆ ಏನಾಗುತ್ತದೆ? ಮುಂಬಯಿಯ ಕಡಲತಡಿಯ ಉಪನಗರ ಬಾಂದ್ರಾದ ಹಿಲ್ ರೋಡ್ ಇದಕ್ಕೆ ಉತ್ತರ ಹೇಳಬಲ್ಲದು. ಉದ್ಯೋಗವನ್ನರಸಿ ಹೋದ ಕರಾವಳಿಯ ಅನೇಕ ಕಥೋಲಿಕ ಕುಟುಂಬಗಳು ನೆಲೆಸಿದ ಸ್ಥಳವದು.

ಬಾಂದ್ರಾ ಹಿಂದೆ ಬೆಸ್ತರ ಹಾಗೂ ಭತ್ತ ಬೆಳೆಯುವವರ ಹಳ್ಳಿಗಳ ಗುಂಪಾಗಿತ್ತು. ಪೋರ್ಚುಗೀಸರ ಕಾಲದಲ್ಲಿ, ೧೫೭೫ರಲ್ಲಿ, ಯೇಸುಸಭೆಯ ಗುರುಗಳು ಅಲ್ಲಿ ಸಂತ ಅಂದ್ರೆಯರ ದೇವಾಲಯವನ್ನು ಕಟ್ಟಿದರು. ಮುಂಬಯಿಯಿಂದ ಬರುವವರು ಮಾಹಿಮ್ ಅಳಿವೆಯನ್ನು ದೋಣಿಯಲ್ಲಿ ದಾಟಬೇಕಿತ್ತು. ಲೇಡಿ ಜಮ್‌ಷೇಟ್‌ಜೀಯವರು ೧,೫೭,೦೦೦ ರೂಪಾಯಿ ದಾನವಿತ್ತ ಫಲವಾಗಿ ೧೮೪೫ರಲ್ಲಿ ಸೇತುಮಾರ್ಗ ತೆರೆಯಿತು. ೧೮೬೦ರ ದಶಕದಲ್ಲಿ ರೈಲೂ ಬಂದಿತು. ನಿಲ್ದಾಣದ ಕಡೆಯಿಂದ ಮೌಂಟ್ ಮೇರಿ ಗುಡ್ಡದತ್ತ ಸಾಗುವ ದಾರಿಯೇ ಹಿಲ್ ರೋಡ್. ನಾವು ಮೊಂತಿ ಹಬ್ಬವನ್ನು ಆಚರಿಸುವ ಸೆಪ್ಟೆಂಬರಿನಲ್ಲಿಯೇ ಅಲ್ಲಿಯೂ ಮರಿಯ ಮಾತೆಯ ಜಾತ್ರೆ. ಯಾತ್ರಿಕರು ಮೇಣದ ಬತ್ತಿ ಹಿಡಿದು ಗುಡ್ಡವೇರುತ್ತಾರೆ. ೧೮೯೬ರಲ್ಲಿ ಪ್ಲೇಗ್ ಹರಡಿದಾಗ ಜನರು ನೆಟ್ಟ ಶಿಲುಬೆಗಳು ಬಾಂದ್ರಾದ ಗಲ್ಲಿಗಳಲ್ಲಿ ಇಂದಿಗೂ ನಿಂತಿವೆ.

ಬೀದಿ ಮಾತ್ರ ಬದಲಾಯಿತು. ೧೯೫೪ರಲ್ಲಿ ಮೆಹಬೂಬ್ ಸ್ಟುಡಿಯೋ ಬಂದಿತು. ನೆಲದ ಬೆಲೆ ಏರಿದಂತೆ ಹಂಚಿನ ಮಾಡಿನ ಬಂಗಲೆಗಳು ಒಂದೊಂದಾಗಿ ಮಾರಾಟವಾಗಿ ಬಹುಮಹಡಿ ಕಟ್ಟಡಗಳೆದ್ದವು. ಚಿತ್ರಮಂದಿರವಿದ್ದಲ್ಲಿ ಮಳಿಗೆಗಳು ಬಂದವು. ಕಾಲುದಾರಿಯ ಮೇಲೆ ಬಟ್ಟೆ, ಚಪ್ಪಲಿ, ಬಳೆಗಳ ಸಾಲು ಹಬ್ಬಿತು. ೧೯೯೪ರಲ್ಲಿ ಹತ್ಯೆಯಾದ ರಾಮದಾಸ ನಾಯಕರ ಹೆಸರನ್ನು ಬೀದಿಗೆ ಇಟ್ಟಿದ್ದರೂ ಜನರ ಬಾಯಲ್ಲಿ ಅದು ಹಿಲ್ ರೋಡೇ.

ಬದಲಾವಣೆಯ ಹಿಂದೆ ಬದಲಾಗದೆ ಉಳಿಯುವ ಆಧಾರವೊಂದು ಇರಲೇಬೇಕೆಂದು ಅರಿಸ್ಟಾಟಲ್ ಬೋಧಿಸಿದನು. ಹಾಗಾದರೆ ಬೀದಿಯ ಆಧಾರ ಯಾವುದು? ಕಟ್ಟಡಗಳು ಉರುಳುತ್ತವೆ, ಸರಕು ಬದಲಾಗುತ್ತದೆ. ಕೊಡುವವನಿಗೂ ಕೊಳ್ಳುವವನಿಗೂ ನಡುವಿನ ನಂಬಿಕೆಯೇ ಬೀದಿಯನ್ನು ಬೀದಿಯಾಗಿ ಉಳಿಸುವುದು. ನಾವು ಗಾಜಿನ ಮಳಿಗೆಯಲ್ಲಿ ಚೀಟಿಯಲ್ಲಿ ಬರೆದಷ್ಟನ್ನು ಮಾತಿಲ್ಲದೆ ತೆರುತ್ತೇವೆ. ಬಿಸಿಲಿನಲ್ಲಿ ಬಳೆ ಮಾರುವ ತಾಯಿಯೊಡನೆ ಹತ್ತು ರೂಪಾಯಿಗಾಗಿ ವಾದಿಸುತ್ತೇವೆ. ಆಗ ಸಡಿಲುವುದು ಆ ನಂಬಿಕೆಯೇ.

ಪೇಟೆ ಬೆಳೆಯುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಈ ವಾರ ಸಂತೆಗೆ ಹೋದಾಗ ಸೊಪ್ಪು ಮಾರುವಾಕೆಯ ಹೆಸರನ್ನು ಕೇಳಿ, ನ್ಯಾಯವಾದ ಬೆಲೆಯನ್ನು ಆಕೆಯ ಕೈಗಿಡುವುದು ನಮ್ಮಿಂದ ಆಗದ ಕೆಲಸವೇ?