ಆರ್ಜಿನಿನ್ ಯಾರ ಪಾಲು?

ರೋಗಿಗೆ ದಿನಕ್ಕೊಂದು ಚುಚ್ಚುಮದ್ದು, ಹುಣ್ಣಿನ ಮೇಲೊಂದು ಪಟ್ಟಿ. ಎರಡರಲ್ಲಿ ಒಂದರಲ್ಲಷ್ಟೇ ಔಷಧವಿದೆ. ಇನ್ನೊಂದು ಬರೀ ತೋರಿಕೆಗೆ. ಯಾವುದು ಅಸಲಿ, ಯಾವುದು ನಕಲಿ ಎಂದು ರೋಗಿಗೂ ಗೊತ್ತಿಲ್ಲ, ಚಿಕಿತ್ಸೆ ಕೊಡುವವರಿಗೂ ಗೊತ್ತಿಲ್ಲ. ಕೊಲಂಬಿಯಾದಲ್ಲಿ 178 ಮಂದಿಯ ಮೇಲೆ ನಡೆದ ಈ ಪ್ರಯೋಗದ ವರದಿ ಹೊರಬಂದದ್ದು 2010ರಲ್ಲಿ. ಕಾಯಿಲೆ, ಚರ್ಮದ ಲೀಷ್ಮೇನಿಯಾಸಿಸ್: ಮರಳು ನೊಣ ಕಚ್ಚಿದಾಗ ಒಳಸೇರುವ ಲೀಷ್ಮೇನಿಯಾ ಎಂಬ ಪರಾವಲಂಬಿಯಿಂದ ಮುಖ, ಕೈಕಾಲುಗಳ ಮೇಲೆ ಏಳುವ ಹಟಮಾರಿ ಹುಣ್ಣು. ವೈದ್ಯಕೀಯ ವರದಿಗಳು ಓದಿಸಿಕೊಂಡು ಹೋಗುವುದು ಅಪರೂಪ. ಈ ವರದಿಯನ್ನು ಮಾತ್ರ ಅರ್ಧಕ್ಕೆ ಮಡಚಿಡಲು ಆಗುವುದಿಲ್ಲ.

ಕಾರಣ ಆ ಪಟ್ಟಿ. ನೋಡಲು ಮಾಮೂಲಿ ಬ್ಯಾಂಡೇಜು. ಒಳಗಿರುವುದು ಪಾಲಿಮರ್ ದ್ರಾವಣವನ್ನು ಹೆಚ್ಚಿನ ವೋಲ್ಟೇಜಿನಲ್ಲಿ ಎಳೆದು ತೆಗೆದ, ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಎಳೆಗಳ ಪದರ. ಚರ್ಮಕ್ಕೆ ಅಂಟಿಸಿದರೆ ಅದರಿಂದ ನೈಟ್ರಿಕ್ ಆಕ್ಸೈಡ್ ಅನಿಲ ಸ್ವಲ್ಪಸ್ವಲ್ಪವೇ ಗಾಯದೊಳಕ್ಕೆ ಇಳಿಯುತ್ತದೆ. ಸೂಜಿ ಬೇಡ, ಆಸ್ಪತ್ರೆಗೆ ಅಲೆಯುವುದು ಬೇಡ, ಹೃದಯ-ಯಕೃತ್ತುಗಳಿಗೆ ರೂಢಿಯ ಚುಚ್ಚುಮದ್ದಿನಲ್ಲಿರುವ ಆಂಟಿಮನಿಯ ಕಾಟವೂ ಬೇಡ. ಕಾಡಿನಂಚಿನ ಬಡ ಕೂಲಿಯವನಿಗೆ ಇದಕ್ಕಿಂತ ಒಳ್ಳೆಯ ಚಿಕಿತ್ಸೆ ಊಹಿಸುವುದೇ ಕಷ್ಟ. ಈ ಅನಿಲವನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿತ್ತು: ನಮ್ಮ ದೇಹ ತಾನೇ ಈ ಪರಾವಲಂಬಿಯನ್ನು ಕೊಲ್ಲಲು ತಯಾರಿಸಿಕೊಳ್ಳುವ ವಿಷ ಇದು. ಅದರ ಕಚ್ಚಾವಸ್ತು ಆರ್ಜಿನಿನ್ ಎಂಬ ಅಮೈನೋ ಆಮ್ಲ.

ಆರ್ಜಿನಿನ್ ಅಪರೂಪದ ವಸ್ತುವೇನಲ್ಲ. ಶೇಂಗಾ, ಎಳ್ಳು, ಕುಂಬಳದ ಬೀಜಗಳಲ್ಲಿ ಧಾರಾಳವಾಗಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಶುಲ್ಟ್ಸೆ ಮತ್ತು ಸ್ಟೈಗರ್ 1886ರಲ್ಲಿ ಇದನ್ನು ಬೇರ್ಪಡಿಸಿದ್ದು ಲೂಪಿನ್ ಗಿಡದ ಮೊಳಕೆಗಳಿಂದ. ಮುಂದೆ ಸುಮಾರು ನೂರು ವರ್ಷ ಅದು ಪ್ರೋಟೀನಿನ ಒಂದು ಇಟ್ಟಿಗೆ ಎನಿಸಿಕೊಂಡು ಸುಮ್ಮನಿತ್ತು. 1987ರಲ್ಲಿ ಅಮೆರಿಕದ ಜೇಮ್ಸ್ ಹಿಬ್ಸ್ ಮತ್ತು ಸಂಗಡಿಗರು, ಗೆಡ್ಡೆಯ ಕೋಶಗಳನ್ನು ಕೊಲ್ಲಬೇಕಾದರೆ ಮ್ಯಾಕ್ರೋಫೇಜ್‌ಗಳಿಗೆ, ಅಂದರೆ ರೋಗಾಣುಗಳನ್ನು ನುಂಗುವ ರಕ್ಷಕ ಕೋಶಗಳಿಗೆ, ಆರ್ಜಿನಿನ್ ಬೇಕೇ ಬೇಕು ಎಂದು ತೋರಿಸಿದರು. 1990ರ ಹೊತ್ತಿಗೆ ಲೀಷ್ಮೇನಿಯಾಕ್ಕೂ ಅದೇ ಮಾತು ಅನ್ವಯಿಸುತ್ತದೆಂದು ಖಚಿತವಾಯಿತು. ಆರ್ಜಿನಿನ್ನನ್ನು ಹೋಲುವ ನಕಲಿ ಅಣುವನ್ನು ಕೊಟ್ಟು ಕೋಶಗಳನ್ನು ಯಾಮಾರಿಸಿದರೆ ಪರಾವಲಂಬಿ ಬದುಕಿ ಉಳಿಯುತ್ತಿತ್ತು.

ಗಮ್ಮತ್ತೆಂದರೆ, ಲೀಷ್ಮೇನಿಯಾ ಮನೆ ಮಾಡುವುದೂ ಅದೇ ಮ್ಯಾಕ್ರೋಫೇಜ್‌ನೊಳಗೆ. ಕೊಲ್ಲಲು ನುಂಗಿದವನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಅದಕ್ಕೂ ಆರ್ಜಿನಿನ್ ಬೇಕು. ಒಂದೇ ಬಾವಿಗೆ ಎರಡು ಮನೆಯವರು ಹಗ್ಗ ಇಳಿಬಿಟ್ಟಂತೆ ಇದು. ಒಂದು ಕಿಣ್ವ ಆರ್ಜಿನಿನ್ನಿನಿಂದ ನೈಟ್ರಿಕ್ ಆಕ್ಸೈಡ್ ಮಾಡಿದರೆ ಪರಾವಲಂಬಿ ಸಾಯುತ್ತದೆ. ಆರ್ಜಿನೇಸ್ ಎಂಬ ಇನ್ನೊಂದು ಕಿಣ್ವ ಅದನ್ನೇ ಆರ್ನಿಥಿನ್ ಮಾಡಿದರೆ, ಅದರಿಂದ ಹುಟ್ಟುವ ಪಾಲಿಅಮೀನುಗಳನ್ನು ಬಳಸಿಕೊಂಡು ಪರಾವಲಂಬಿ ಕೊಬ್ಬುತ್ತದೆ. ಗಾಯ ಕೂಡಲು ಬೇಕಾದ ಕೊಲಾಜೆನ್ನಿಗೆ ಪ್ರೋಲಿನ್ ಒದಗುವ ಒಂದು ದಾರಿಯೂ ಈ ಆರ್ನಿಥಿನ್ನಿನಿಂದಲೇ ಹೊರಡುತ್ತದೆ ಎಂಬುದು ಇನ್ನೂ ವಿಚಿತ್ರ. ಅಂದರೆ ಗಾಯವನ್ನು ಮಾಯಿಸುವ ಹಾದಿ, ಗಾಯ ಮಾಡಿದವನನ್ನು ಸಾಕುವ ಹಾದಿ ಎರಡಕ್ಕೂ ಹೊಸಿಲು ಒಂದೇ. ಇಥಿಯೋಪಿಯಾದ ರೋಗಿಗಳ ಹುಣ್ಣುಗಳನ್ನು ಪರೀಕ್ಷಿಸಿದವರಿಗೆ ಅಲ್ಲಿ ಆರ್ಜಿನೇಸ್ ಚಟುವಟಿಕೆ ಏರಿರುವುದು ಕಂಡಿದೆ. ಇಲಿಗಳಲ್ಲಿ, ಮಾಯದ ಹುಣ್ಣಿನ ಜಾಗದಲ್ಲಿ ಆರ್ಜಿನಿನ್ ಬತ್ತಿಹೋಗಿ, ರಕ್ಷಣೆಗೆ ಬರಬೇಕಾದ ಟಿ-ಕೋಶಗಳೂ ಮಂಕಾಗುತ್ತವೆ.

ಇಲ್ಲಿ ಒಂದು ಅಡ್ಡದಾರಿ ಹಿಡಿಯದೆ ಇರಲಾಗದು. ಆರ್ನಿಥಿನ್ನಿನಿಂದ ಪಾಲಿಅಮೀನ್ ಆಗುವ ಹಂತಕ್ಕೆ ಬೀಗ ಹಾಕುವ ಔಷಧವೊಂದಿದೆ: ಎಫ್ಲಾರ್ನಿಥಿನ್. ಅದೂ ಅಮೈನೋ ಆಮ್ಲವೇ, ಆರ್ನಿಥಿನ್ನಿಗೆ ಎರಡು ಫ್ಲೋರಿನ್ ಪರಮಾಣುಗಳ ಮೂಗುತಿ ತೊಡಿಸಿದ ರೂಪ. ಕ್ಯಾನ್ಸರಿಗೆಂದು ಹುಟ್ಟಿ, ಅಲ್ಲಿ ಸೋತು, ಆಫ್ರಿಕಾದ ನಿದ್ರಾರೋಗಕ್ಕೆ ರಾಮಬಾಣವಾಯಿತು. ಪ್ರಜ್ಞೆ ತಪ್ಪಿ ಮಲಗಿದವರು ಎದ್ದು ಕೂತರು. 1990ರಲ್ಲಿ ಅಮೆರಿಕದ ಮಂಜೂರಾತಿಯೂ ಸಿಕ್ಕಿತು. ಆದರೆ ನಿದ್ರಾರೋಗದವರ ಜೇಬಿನಲ್ಲಿ ಕಾಸಿಲ್ಲ. ಆ ದಶಕದ ನಡುವಿನಲ್ಲೇ ತಯಾರಿಕೆ ನಿಂತಿತು. 2000ದಲ್ಲಿ ಅದೇ ರಾಸಾಯನಿಕ ಮತ್ತೆ ಪ್ರತ್ಯಕ್ಷವಾಯಿತು, ಹೆಂಗಸರ ಮುಖದ ಮೇಲಿನ ಬೇಡದ ಕೂದಲು ತಗ್ಗಿಸುವ ಮುಲಾಮಾಗಿ! ಮೀಸೆಗೆ ಮದ್ದು ಮಾಡಲು ಕಾರ್ಖಾನೆ ಉಂಟು, ಸಾಯುವವರಿಗೆ ಮಾಡಲು ಇಲ್ಲವೇ ಎಂದು ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಗದ್ದಲ ಎಬ್ಬಿಸಿತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಒಪ್ಪಂದವಾಗಿ ಔಷಧ ಮತ್ತೆ ಆಫ್ರಿಕಾ ತಲುಪಿತು. ಬಡವರ ಕಾಯಿಲೆಗೆ ಔಷಧ ಸಿಗಬೇಕಾದರೆ ಶ್ರೀಮಂತರ ಕನ್ನಡಿಯ ಮುಂದೆ ಹಾದುಬರಬೇಕಾಯಿತು. ಲೀಷ್ಮೇನಿಯಾ ಹುಣ್ಣಿಗೆ ಮಾತ್ರ ಎಫ್ಲಾರ್ನಿಥಿನ್ ಇನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ.

ಮೂಲ ಕತೆಗೆ ಬರೋಣ. ಚರಿತ್ರೆ ಬೇಕಾದವರಿಗೆ ಎರಡೇ ಮಾತು. ಈ ಚರ್ಮದ ಹುಣ್ಣಿನದೇ ಹಳೆಯ ಹೆಸರಾದ ‘ದೆಹಲಿ ಕುರು’ವಿನಲ್ಲಿ ಕನ್ನಿಂಗ್‌ಹ್ಯಾಮ್ 1885ರಲ್ಲಿ ಏನನ್ನೋ ಕಂಡರು, ತಾಷ್ಕೆಂಟಿನ ಬೊರೊವ್‌ಸ್ಕಿ 1898ರಲ್ಲಿ ಅದು ಏಕಕೋಶ ಜೀವಿ ಎಂದು ಗುರುತಿಸಿದರು. 1903ರಲ್ಲಿ ಲೀಷ್‌ಮನ್ ಮತ್ತು ಮದ್ರಾಸಿನ ಡೊನೊವನ್ ಇದೇ ಕುಲದ ಪರಾವಲಂಬಿ ಒಳಾಂಗಗಳನ್ನು ಹಿಡಿದಾಗ ಬರುವ ಕಾಲಾ ಅಜಾರಿನ ಜೀವಿಯನ್ನು ವರದಿ ಮಾಡಿದರು. ರೊನಾಲ್ಡ್ ರಾಸ್ ಇಬ್ಬರ ಹೆಸರನ್ನೂ ಅದಕ್ಕೆ ಅಂಟಿಸಿದರು. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿ 1920ರ ದಶಕದಲ್ಲಿ ಕಾಲಾ ಅಜಾರಿಗೆ ಯೂರಿಯಾ ಸ್ಟಿಬಮೈನ್ ಎಂಬ ಆಂಟಿಮನಿ ಮದ್ದು ಕೊಟ್ಟರು. ಅಂದಿನ ಆ ಆಂಟಿಮನಿಯ ವಂಶವೇ ಇವತ್ತಿಗೂ ಚರ್ಮದ ಹುಣ್ಣಿಗೆ ಮುಖ್ಯ ಮದ್ದು.

ಈ ಆಂಟಿಮನಿಯಿಂದ ಬಿಡಿಸಿಕೊಳ್ಳುವ ಆಸೆ ಚಿಗುರಿದ್ದು 1998ರಲ್ಲಿ. ಈಕ್ವೆಡಾರಿನಲ್ಲಿ ಲೋಪೆಸ್-ಹರಮಿಯೊ ಮತ್ತು ಸಂಗಡಿಗರು 16 ರೋಗಿಗಳ ಹುಣ್ಣಿಗೆ ನೈಟ್ರಿಕ್ ಆಕ್ಸೈಡ್ ಬಿಡುವ ಮುಲಾಮು ಹಚ್ಚಿದರು. ಅದರಲ್ಲಿದ್ದದ್ದು ಪೆನಿಸಿಲಮೈನ್ ಎಂಬ ಅಮೈನೋ ಆಮ್ಲದ ಬೆನ್ನಿಗೆ ನೈಟ್ರಿಕ್ ಆಕ್ಸೈಡನ್ನು ಹೇರಿದ ಸಂಯುಕ್ತ. ಹುಣ್ಣುಗಳು ಮಾಯ್ದವು ಎಂಬ ವರದಿ ‘ಲ್ಯಾನ್ಸೆಟ್’ನಲ್ಲಿ ಬಂತು. ಅದೇ ವರ್ಷ ನೈಟ್ರಿಕ್ ಆಕ್ಸೈಡ್ ಸಂಶೋಧನೆಗೆ ನೊಬೆಲ್ ಕೂಡ ಸಂದಿತು. ಕನಸು ಗರಿಗೆದರಲು ಇನ್ನೇನು ಬೇಕು? ಆದರೆ ಆ 16 ಮಂದಿಯ ಎದುರು ಹೋಲಿಸಿ ನೋಡಲು ಬೇರೊಂದು ಗುಂಪು ಇರಲಿಲ್ಲ. ಈ ಹುಣ್ಣು ತಿಂಗಳುಗಟ್ಟಲೆ ಕಾಡಿ ಕೆಲವೊಮ್ಮೆ ತಾನಾಗಿಯೇ ಮಾಯುವ ಸ್ವಭಾವದ್ದು ಬೇರೆ.

ಅದಕ್ಕೇ ಕೊಲಂಬಿಯಾದ ಆ ಬಿಗಿಯಾದ ಪ್ರಯೋಗ. ಮೂರು ತಿಂಗಳ ನಂತರ ಎಣಿಸಿದಾಗ, ಆಂಟಿಮನಿ ಚುಚ್ಚಿಸಿಕೊಂಡವರಲ್ಲಿ ಶೇ 94.8 ಮಂದಿ ಗುಣವಾಗಿದ್ದರು. ಪಟ್ಟಿಯವರಲ್ಲಿ ಶೇ 37.1.

ತೊಂದರೆಗಳು ಪಟ್ಟಿಯಲ್ಲಿ ಕಡಿಮೆ, ರಕ್ತಪರೀಕ್ಷೆಯ ಏರುಪೇರೂ ಕಡಿಮೆ ಎಂದು ವರದಿ ಸಮಾಧಾನ ಹೇಳಿಕೊಳ್ಳುತ್ತದೆ. ಆ ಸಮಾಧಾನ ಪೂರ್ತಿ ಪೊಳ್ಳೇನಲ್ಲ. ಆದರೂ ಇಷ್ಟು ಚೆಂದದ ತರ್ಕ ಹೀಗೆ ಮುಗ್ಗರಿಸಿದ್ದು ಬೇಸರವೇ. ಅನಿಲ ಚರ್ಮದ ಮೇಲಿದೆ, ಪರಾವಲಂಬಿ ಆಳದ ಕೋಶದೊಳಗೆ ಅವಿತಿದೆ. ಸಾಕಷ್ಟು ವಿಷ ಸರಿಯಾದ ಜಾಗಕ್ಕೆ ತಲುಪಲಿಲ್ಲ ಎಂಬುದು ಸಹಜವಾಗಿ ಹುಟ್ಟುವ ಅನುಮಾನ.

ಹಾಗಾದರೆ ಆರ್ಜಿನಿನ್ನನ್ನೇ ತಿನ್ನಿಸಿದರೆ? ಆರೋಗ್ಯವಂತರ ಗಾಯದಲ್ಲಿ ಕೊಲಾಜೆನ್ ಹೆಚ್ಚಲು ಅದು ನೆರವಾಗುತ್ತದೆಂದು ಏಡ್ರಿಯನ್ ಬಾರ್ಬುಲ್ ತಂಡ 1990ರಲ್ಲೇ ತೋರಿಸಿದೆ. ಪರಾವಲಂಬಿ ಕೂತ ಗಾಯದ ಲೆಕ್ಕ ಬೇರೆ. ಬಾವಿಗೆ ನೀರು ಬಿಟ್ಟರೆ ಯಾರ ಕೊಡ ತುಂಬುತ್ತದೋ ಹೇಳುವವರಿಲ್ಲ. ಕಾಲಾ ಅಜಾರಿನ ಪರಾವಲಂಬಿ ಮ್ಯಾಕ್ರೋಫೇಜ್‌ನೊಳಕ್ಕೆ ಹೆಚ್ಚು ಆರ್ಜಿನಿನ್ ಎಳೆಸಿಕೊಂಡು ತನ್ನ ಪಾಲಿಅಮೀನ್ ಕೆಲಸಕ್ಕೆ ಹಚ್ಚುತ್ತದೆಂದು ಪಟ್ನಾದ ರಾಜೇಂದ್ರ ಸ್ಮಾರಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಬರೆದರು. ಅಮೈನೋ ಆಮ್ಲ ಸುರಿಯುವುದಕ್ಕಿಂತ ಆರ್ಜಿನೇಸ್ ಬಾಗಿಲು ಮುಚ್ಚುವುದೇ ಜಾಣತನ. ಇಲಿಗಳಲ್ಲಿ ಆ ಕಿಣ್ವವನ್ನು ತಡೆದಾಗ ಪರಾವಲಂಬಿಯ ಬೆಳವಣಿಗೆ ತಗ್ಗಿದೆ. ಆದರೆ ಪ್ರಯೋಗಾಲಯದಿಂದ ಮನುಷ್ಯನವರೆಗಿನ ದಾರಿ ದೂರ ಎಂಬುದನ್ನು ಕೊಲಂಬಿಯಾದ ಪಟ್ಟಿಯೇ ಸಾರಿದೆ.

ಇತ್ತ ಬಿಕಾನೇರಿನ ವೈದ್ಯರು ಇಷ್ಟೆಲ್ಲ ರಸಾಯನಶಾಸ್ತ್ರದ ಗೋಜಿಗೆ ಹೋಗದೆ, ರೇಡಿಯೋ ತರಂಗದ ಉಪಕರಣದಿಂದ ಹುಣ್ಣಿಗೆ 50 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು 30 ಸೆಕೆಂಡು ಕೊಟ್ಟು ಒಳ್ಳೆಯ ಫಲ ಕಂಡಿದ್ದಾರೆ. ಹುಣ್ಣಿಗೆ ಮರಗಟ್ಟಿಸುವ ಇಂಜೆಕ್ಷನ್, ಮೇಲೆ ಬಿಸಿ, ಕೆಲಸ ಮುಗಿಯಿತು.

ಜಗತ್ತಿನಲ್ಲಿ ವರ್ಷಕ್ಕೆ 6ರಿಂದ 10 ಲಕ್ಷ ಜನರಿಗೆ ಹೊಸದಾಗಿ ಈ ಹುಣ್ಣು ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಮ್ಮಲ್ಲಿ ಬಿಕಾನೇರ್, ಹಿಮಾಚಲದ ಸಟ್ಲೆಜ್ ಕಣಿವೆ, ಪಕ್ಕದ ಕೇರಳದ ಘಟ್ಟದ ಕಾಡುಗಳಿಂದ ಪ್ರಕರಣಗಳು ವರದಿಯಾಗಿವೆ. ಕರಾವಳಿಯ ಹುಡುಗರು ದುಡಿಯಲು ಹೋಗುವ ಸೌದಿಯ ಅಲ್-ಅಹ್ಸಾ ಇದರ ಹಳೆಯ ತವರು. ಅಂಥ ಕಡೆಯಿಂದ ಬಂದವರಿಗೆ ಕೀಟ ಕಚ್ಚಿದಂಥ ಗಂಟು ಎದ್ದು, ನಡುವೆ ಒಡೆದು, ಅಂಚು ದಪ್ಪವಾಗಿ, ನೋವಿಲ್ಲದೆ ವಾರಗಟ್ಟಲೆ ಹಾಗೇ ಉಳಿದರೆ ಜಿಮ್ಮಿನ ಅಂಗಡಿಯ ಆರ್ಜಿನಿನ್ ಪುಡಿ ಕೊಳ್ಳುವ ಸಾಹಸ ಬೇಡ. ಚರ್ಮವೈದ್ಯರ ಹತ್ತಿರ ಹೋಗಿ, ಎಲ್ಲೆಲ್ಲಿ ಇದ್ದು ಬಂದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.